ಬಾಡಿಗಿ ಗಾಡಿ, ಕಡದ ದಾರಿ

ಹುಬ್ಬಳ್ಳಿಯಲ್ಲಿ ಎರಡು ದಿನಕ್ಕೆಂದು ಬಾಡಿಗೆಗೆ ಹಿಡಿದ ಕಾರು. ಹೊಡೆಯುತ್ತಿರುವವಳು ಎಂಟು ವರ್ಷದಿಂದ ದುಬೈನಲ್ಲಿರುವ ಹೆಣ್ಣುಮಗಳು. ತಮ್ಮನ ಲಗ್ನಕ್ಕೆಂದು ಊರಿಗೆ ಬಂದಿದ್ದಾಳೆ. ಪಕ್ಕದಲ್ಲಿ ಅವಳ ಕಾಕಾ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಬಸ್ಸು ಹೊಡೆದು ನಿವೃತ್ತರಾದವರು. ಬರುವ ತಿಂಗಳು ಕಾಕಾ, ಕಾಕಿ ಇಬ್ಬರೂ ದುಬೈನಲ್ಲಿರುವ ಮಗನ ಮನೆಗೆ ಹೊರಟಿದ್ದಾರೆ. ಅಲ್ಲಿ ಒಂದು ಕಾರು ಬಾಡಿಗೆಗೆ ಹಿಡಿದು ತಾವೇ ಹೊಡೆಯಬೇಕು ಎಂಬುದು ಕಾಕಾನ ಆಸೆ. ಲಗ್ನದ ಕಾರ್ಡು ಹಂಚುತ್ತ ಶಿಗ್ಗಾಂವಿಯಿಂದ ಹಿರೇಕೆರೂರಿನ ತನಕ ಹೋದ ಒಂದು ದಿನದ ಮಾತು ಇದು.

ಶಿಗ್ಗಾಂವಿ

ಕಾಕಾ: ಯವ್ವಾ, ಈ ಗಾಡಿಗೆ ನಂಬರ್ ಪ್ಲೇಟು ಕರಿ, ಅಕ್ಷರ ಹಳದಿ. ಮನಿ ಗಾಡಿಗೆ ಬಿಳಿ ಪ್ಲೇಟು, ಟ್ಯಾಕ್ಸಿಗೆ ಹಳದಿ ಪ್ಲೇಟಿನ ಮ್ಯಾಲ ಕರಿ ಅಕ್ಷರ. ಇಂಥಾದ್ದನ್ನ ನಮ್ಮ ಓಣ್ಯಾಗ ಯಾರೂ ನೋಡಿರಲಿಲ್ಲ. ಮುಂಜಾನೆ ಹುಡುಗೂರು ಸುತ್ತುವರದು ನಿಂತಿದ್ವು.

ಮಗಳು: ಡ್ರೈವರ್ ಇಲ್ಲದ ಬರೇ ಗಾಡಿ ಬಾಡಿಗಿ ಕೊಡೋರಿಗೆ 1989ರಾಗ ಕೇಂದ್ರ ಸರಕಾರ ಒಂದು ಯೋಜನೆ ತಂತು ಕಾಕಾ, ‘ರೆಂಟ್ ಎ ಕ್ಯಾಬ್’ ಅಂತ. ಕಡಿಮಿ ಅಂದ್ರೂ 50 ಗಾಡಿ ಇದ್ದವರಿಗೆ ಲೈಸೆನ್ಸು. ಆ ಲೈಸೆನ್ಸಿನ ಗಾಡಿಗೆ ಈ ಕರಿ ಪ್ಲೇಟು. ಬಿಳಿ ಪ್ಲೇಟಿಂದೂ ಐತಿ, ಬಾಡಿಗಿ ಕಡಿಮಿ ಆಗತೈತಿ ಅಂತ ಒಬ್ಬರು ಹೇಳಿದ್ರು. ನಾ ಒಲ್ಲೆ ಅಂದೆ.

ಕಾಕಾ: ಚಲೋ ಮಾಡಿದಿ. ಬಿಳಿ ಪ್ಲೇಟಿನ ಗಾಡೀನ ಸ್ವಂತಕ್ಕ ಅಂತ ವಿಮಾ ಮಾಡಿಸಿರತಾರ. ಬಾಡಿಗಿಗೆ ಕೊಟ್ಟಿದ್ರು ಅಂತ ಗೊತ್ತಾದ್ರ ವಿಮಾದವರು ತಕರಾರು ತಗೀತಾರ. ಅಪಘಾತ ಆಗಿ ಕಾಲು ಮುರಕೊಂಡಾವ ಪರಿಹಾರಕ್ಕ ವರ್ಷಾನುಗಟ್ಲೆ ಕೋರ್ಟಿಗೆ ಅಲೀತಾನ. ನಾಕು ರೊಕ್ಕ ಉಳಸಾಕ ಹೋಗಿ ಯಾವನೋ ಬಡವನ ಮನಿ ಮುರದಂಗ ಆಗತೈತಿ.

ಮಗಳು: ದುಬೈನಾಗೂ ನೀವು ಮೊದಲ ನೋಡಬೇಕಾದ್ದು ವಿಮಾ. ದಿನದ ಬಾಡಿಗಿ ಇಷ್ಟ ಅಂತ ದೊಡ್ಡ ಅಕ್ಷರದಾಗ ಬರೆದಿರತಾರ. ಒಳಗಿನ ಹಾಳಿ ಓದಬೇಕು. ವಿಮಾ ಇದ್ರೂ ಇಂತಿಷ್ಟು ರೊಕ್ಕದ ತನಕ ಹಾನಿ ನಿಮ್ಮ ಕಿಸೇದಿಂದ ಅಂತ ಇರತೈತಿ. ಟೈರು, ಗಾಜು, ಗಾಡಿ ತಳ ಭಾಳ ಸಲ ವಿಮಾದ ಹೊರಗ. ಮತ್ತ ಅಲ್ಲೆ ಸಣ್ಣ ಗೀರು ಬಿದ್ರೂ ಪೊಲೀಸರಿಗೆ ತಿಳಿಸಿ ಕಾಗದ ತಗೋಬೇಕು. ಆ ಕಾಗದ ಇಲ್ಲಂದ್ರ ಗ್ಯಾರೇಜಿನವರು ಗಾಡಿ ಮುಟ್ಟೂದಿಲ್ಲ, ವಿಮಾದವರು ಮಾತಾಡೂದಿಲ್ಲ.

ಕಾಕಾ: ಹಂಗಾದ್ರ ಗಾಡಿ ಕೈಗೆ ತಗೊಳ್ಳೂ ಮುಂದನ ಗೀರು ಎಷ್ಟು ಅದಾವ ಅಂತ ಎಣಿಸಿ ಇಟ್ಕೋಬೇಕು.

ಮಗಳು: ಹೂಂ. ನಿನ್ನೆ ಹುಬ್ಬಳ್ಳ್ಯಾಗ ನಾ ಮಾಡಿದ್ದೂ ಅದನ. ನಾಕೂ ಕಡೆ ತಿರುಗಿ ಮೊಬೈಲಿನಾಗ ವಿಡಿಯೋ ತಗೊಂಡೆ. ಮೀಟರಿನಾಗ ಎಷ್ಟು ಕಿಲೋಮೀಟರ್ ಓಡೇತಿ, ಎಣ್ಣಿ ಮುಳ್ಳು ಎಲ್ಲೆ ನಿಂತೈತಿ, ಸ್ಟೆಪ್ನಿ ಐತೋ ಇಲ್ಲೋ, ಜಾಕ್ ಐತೋ ಇಲ್ಲೋ, ಎಲ್ಲಾ. ಎಷ್ಟು ಎಣ್ಣಿ ಇದ್ದಾಗ ತಗೊಂಡಿದ್ವೋ ಅಷ್ಟು ತುಂಬಿಸಿ ಕೊಡಬೇಕು. ಹೆಂಗ ಇತ್ತೋ ಹಂಗ ಒಪ್ಪಿಸತೀನಿ ಅಂತ ಸಹಿ ಮಾಡೀನಿ.

ಕಾಕಾ: ನಮ್ಮ ಡಿಪೋದಾಗ ಬ್ಯಾರೆ ಏನಿತ್ತು? ಗಾಡಿ ಹೊರಗ ತರೂ ಮುಂದ ಗಾಳಿ, ನೀರು, ಎಣ್ಣಿ, ಬ್ರೇಕು, ಲೈಟು ನೋಡೂದು. ಹಿಂದಿನ ಪಾಳಿ ಡ್ರೈವರ್ ಲಾಗ್‌ಶೀಟಿನಾಗ ಏನರ ಬರದಾನೇನು ಅಂತ ಓದೂದು. ‘ಬ್ರೇಕ್ ಎಡಕ್ಕ ಎಳೀತೈತಿ’ ಅಂತ ಅವ ಒಂದು ಸಾಲು ಬರೆದಿಟ್ಟಿದ್ರ ಐವತ್ತು ಮಂದಿ ಜೀವ ಉಳೀತಿತ್ತು. ನಾ ಹೊಡೆದ ಒಂದು ಗಾಡೀನೂ ನಂದಲ್ಲ ಯವ್ವಾ. ನನ್ನ ಕೈಯಾಗಿಂದ ಇನ್ನೊಬ್ಬನ ಕೈಗೆ ಹೋಗೂವಂಥಾದ್ದು.

ಮಗಳು: ಇನ್ನ ನಿಮ್ಮ ಲೈಸೆನ್ಸಿನ ಮಾತು. ನಿಮ್ಮ ಹೆವಿ ಲೈಸೆನ್ಸ್ ಒಂದನ್ನ ತೋರಿಸಿದ್ರ ಅಲ್ಲೆ ಗಾಡಿ ಕೊಡೂದಿಲ್ಲ. ಹಾವೇರಿ ಆರ್‌ಟಿಓ ಕಚೇರಿಗೆ ಹೋಗಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಬೇಕು. ಫಾರ್ಮ್ 4ಎ ತುಂಬಬೇಕು, 1,000 ರೂಪಾಯಿ ಶುಲ್ಕ, ಸಂಗಡ ಪಾಸ್‌ಪೋರ್ಟು, ವೀಸಾ ಇರಲಿ. ಒಂದು ವರ್ಷ ನಡೀತೈತಿ. ಅಷ್ಟರೊಳಗ ಮೂಲ ಲೈಸೆನ್ಸಿನ ಅವಧಿ ಮುಗದ್ರ ಇದೂ ಮುಗದಂಗ. 55 ದಾಟಿದವರಿಗೆ ಲೈಸೆನ್ಸು ಐದೈದು ವರ್ಷಕ್ಕ ನವೀಕರಣ ಅಲ್ಲೇನು, ನಿಮ್ಮದರ ತಾರೀಖು ಮೊದಲ ನೋಡಿಕೊಳ್ರಿ.

ಕಾಕಾ: ಮೂವತ್ತು ವರ್ಷ ಬಸ್ಸು ಹೊಡೆದವಗ ಮತ್ತೊಂದು ಪುಸ್ತಕ ಬೇಕೇನು?

ಮಗಳು: ಅದು ನಿಮಗ ಹೊಡ್ಯಾಕ ಬರತೈತೋ ಇಲ್ಲೋ ಅಂತ ಕೇಳೂ ಪುಸ್ತಕ ಅಲ್ಲ ಕಾಕಾ. 1949ರಾಗ ಜಿನೀವಾದಾಗ ದೇಶ ದೇಶ ಕೂಡಿ ರಸ್ತೆ ಸಂಚಾರದ ಮ್ಯಾಲ ಒಂದು ಒಪ್ಪಂದ ಮಾಡಿಕೊಂಡ್ವು. ನಮ್ಮ ಮಂದಿ ನಿಮ್ಮ ದಾರ್‍ಯಾಗ, ನಿಮ್ಮ ಮಂದಿ ನಮ್ಮ ದಾರ್‍ಯಾಗ ಹೊಡೀಲಿ ಅಂತ. ಆ ಒಪ್ಪಂದದ ಕಾಗದ ಇದು. ಇವ ನಮ್ಮಾವ, ಇವಗ ನಾವು ಲೈಸೆನ್ಸ್ ಕೊಟ್ಟೀವಿ ಅಂತ ನಿಮ್ಮ ಸರಕಾರ ಅವರ ಭಾಷಾದಾಗ ಹೇಳಿದಂಗ. ಹೊರಗಿಂದ ಬಂದು ಹೋಗೋರಿಗೆ ಅದು ಸಾಕು. ನಾನು ಅಲ್ಲೇ ಇರಾಕ ಹೋದಾಕಿ, ಅಲ್ಲಿನ ಕ್ಲಾಸಿಗೆ ಹೋಗಿ, ಪರೀಕ್ಷಾ ಪಾಸಾಗಿ ಅಲ್ಲಿಂದ ಬ್ಯಾರೆ ಲೈಸೆನ್ಸ್ ತಗೊಂಡೆ.

ಕಾಕಾ: ಗುರುತಿನ ಕಾಗದ ಅನ್ನು. ಹಿಂದಿನ ಕಾಲಕ್ಕ ಪರಊರಿಗೆ ಹೋಗೋರು ಗೌಡ್ರ ಕಡೆಯಿಂದ ಒಂದು ಚೀಟಿ ಬರಸಿಕೊಂಡು ಹೋಗತಿದ್ರು, ‘ಈತ ನಮ್ಮ ಊರಿನವ, ನಂಬಿಗಿಯವ’ ಅಂತ.

ಮಗಳು: ಅದನ, ಕಾಕಾ. ಆದ್ರ ನಾ ಒಂದು ಕೇಳತೀನಿ. ಅಲ್ಲೆ ಮೆಟ್ರೋ ಐತಿ, ಬಸ್ಸು ಐತಿ, ಟ್ಯಾಕ್ಸಿ ಬೇಕಾದಷ್ಟು ಅದಾವ. ನಿಮ್ಮ ಮಗನ ಗಾಡಿನೂ ಐತಿ. ನೀವ ಹೊಡೀಬೇಕು ಅಂತ ಯಾಕ ಇಷ್ಟು ಹಟ?

ಕಾಕಾ: ಶಿಶುನಾಳ ಜಾತ್ರಿಗೆ ಸ್ಪೆಷಲ್ ಬಸ್ಸು ಹೊಡದೀನಿ. ಕನಕದಾಸರು ಹುಟ್ಟಿದ ಬಾಡಕ್ಕ, ಅವರು ಇದ್ದ ಕಾಗಿನೆಲಿಗೆ ಮಂದೀನ ಒಯ್ದೀನಿ. ಲಗ್ನದ ದಿಬ್ಬಣ, ಪರೀಕ್ಷಾಕ್ಕ ಹೊಂಟ ಹುಡುಗೂರು, ದವಾಖಾನಿಗೆ ಹೊಂಟ ಬಾಣಂತ್ಯಾರು, ಎಲ್ಲಾರನೂ ಮುಟ್ಟಿಸೀನಿ. ನಿಮ್ಮ ಕಾಕಿ ನನ್ನ ಬಸ್ಸಿನಾಗ ಬಂದ್ರೂ ಹಿಂದ ಹೆಣ್ಣಮಕ್ಕಳ ಸೀಟಿನಾಗ ಕೂಡತಿದ್ಲು. ಡ್ಯೂಟಿ ಮ್ಯಾಲ ಮಾತಾಡಸಾಕ ಬರತಿರಲಿಲ್ಲ. ಆಕೀನ ಪಕ್ಕದಾಗ ಕೂಡಿಸಿಕೊಂಡು ನಾ ಒಂದು ದಿನಾನೂ ಗಾಡಿ ಹೊಡದಿಲ್ಲ ಯವ್ವಾ. ಸಮುದ್ರದ ದಂಡಿ ಗುಂಟ ಒಂದು ಸಲ ಆಕೀನ ಕೂಡಿಸಿಕೊಂಡು ಹೋಗಬೇಕು. ಅಷ್ಟ.

ಸವಣೂರು

ಮಗಳು: ಕಾರ್ಡು ಕೊಟ್ಟು ಬಂದ್ವಿ. ಈ ದೊಡ್ಡಹುಣಸಿ ಮರ ನೋಡದ ಹೆಂಗ ಹೋಗೂದು ಅಂತ ಮಠದ ಕಡೆ ತಿರುಗಿಸಿದೆ. ಸಾಲಿಯಿಂದ ಇಲ್ಲಿಗೆ ಪ್ರವಾಸ ಕರಕೊಂಡು ಬಂದಿದ್ರು. ಹತ್ತು ಹುಡುಗೂರು ಕೈಕೈ ಹಿಡದು ಬೊಡ್ಡಿ ಸುತ್ತ ನಿಂತಿದ್ವಿ.

ಕಾಕಾ: ಇದು ಹುಣಸಿ ಅಲ್ಲ ಅಂತಾರಲ್ಲ?

ಮಗಳು: ಅಲ್ಲ. ಬಾವೊಬಾಬ್ ಅಂತ ಇದರ ಹೆಸರು. ಆಫ್ರಿಕಾ ಇದರ ತವರು. ಯಾರ ಕೈಯಾಗ ಬಂತೋ, ಬೀಜ ಆಗಿ ಬಂತೋ, ನೂರಾರು ವರ್ಷದಿಂದ ಇಲ್ಲೆ ಬೇರು ಬಿಟ್ಟೈತಿ. ಹಣ್ಣಿನ ಹುಳಿ ನೋಡಿ ನಮ್ಮವರು ದೊಡ್ಡಹುಣಸಿ ಅಂತ ಹೆಸರಿಟ್ಟು ಮನಿಮಗನ್ನ ಮಾಡಿಕೊಂಡ್ರು.

ಕಾಕಾ: ಹೊರಗಿಂದ ಬಂದದ್ದು ಇಲ್ಲಿನ ಮಣ್ಣಿಗೆ ಹೊಂದಿಕೊಂಡ್ರ ಮಠದ ಅಂಗಳದಾಗೂ ಜಾಗಾ ಸಿಗತೈತಿ. ಬಾ, ದುಬೈನಾಗಿನ ನನ್ನ ಮಗಗ ಸವಣೂರ ಖಾರಾ ಎರಡು ಕಿಲೋ ಕಟ್ಟಿಸಿಕೊಳ್ಳೂಣ. ಎಲಿನೂ ಒಂದು ಕವಳಿ ತಗೋತೀನಿ, ಊಟ ಆದ ಮ್ಯಾಲ ಅವಗ ಸವಣೂರ ಎಲಿ ಬೇಕು.

ಮಗಳು: ಖಾರಾ ತಗೊಳ್ರಿ. ಎಲಿ ಅಡಿಕಿ ಬ್ಯಾಡ ಕಾಕಾ, ಅಲ್ಲೆ ಅದನ್ನ ಒಳಗ ಬಿಡೂದಿಲ್ಲ. ಕಾಕಿಗೆ ಇನ್ನೊಂದು ಮಾತು ಮರೀದ ಹೇಳ್ರಿ, ಡಬ್ಬ್ಯಾಗ ಗಸಗಸಿ ಒಂದು ಕಾಳೂ ಇರಬಾರದು. ನಮಗದು ಪಾಯಸದ ಸಾಮಾನು, ಅಲ್ಲಿನ ಕಾಯಿದೆದಾಗ ಮಾದಕ ಪದಾರ್ಥ. ತಿಳೀದ ಒಯ್ದು ವಿಮಾನ ನಿಲ್ದಾಣದಾಗ ಸಿಕ್ಕು ಜೈಲು ಕಂಡವರು ಅದಾರ.

ಕಾಕಾ: ಮತ್ತ ಅಲ್ಲೆ ಗಾಡಿ ಬಲಕ್ಕ ಹೊಡೀತಾರಂತ. ಸ್ಟೇರಿಂಗ್ ಎಡಕ್ಕ. ಅದ ನನ್ನ ತಲ್ಯಾಗ ತಿರುಗಾಕತ್ತೇತಿ.

ಮಗಳು: ನೇರ ದಾರ್‍ಯಾಗ ಏನೂ ಅನಸೂದಿಲ್ಲ. ಮುಂದಿನ ಗಾಡಿ ಹಿಂದ ಹೋದ್ರಾತು. ತಪ್ಪು ಆಗೂದು ಮೂರು ಕಡೆ. ಒಂದು, ನಸುಕಿನ್ಯಾಗ ಮುಂದ ಒಂದೂ ಗಾಡಿ ಇಲ್ಲದ ಖಾಲಿ ದಾರ್‍ಯಾಗ. ಎರಡು, ಪೆಟ್ರೋಲ್ ಬಂಕಿನಿಂದ, ಪಾರ್ಕಿಂಗಿನಿಂದ ಹೊರಗ ಬರೂ ಮುಂದ. ಮೂರು, ಎಡಕ್ಕ ತಿರುಗೂ ಮುಂದ. ಇಲ್ಲೆ ನಮಗ ಎಡಕ್ಕ ತಿರುಗೂದು ಸಸಾರ, ಬಲಕ್ಕ ತಿರುಗಬೇಕಂದ್ರ ಎದುರಿನ ಗಾಡಿ ದಾಟಬೇಕು. ಅಲ್ಲೆ ಅದು ತಿರುವು ಮುರುವು. ಕೈ ಕಾಲು ತಮ್ಮ ಹಳೇ ಚಾಳಿ ಬಿಡೂದಿಲ್ಲ. ಮೊದಲನೇ ದಿನ ಇಂಡಿಕೇಟರ್ ಹಾಕತೀನಿ ಅಂತ ನಾ ವೈಪರ್ ಹಾಕಿದ್ದೆ. ಹಿಂದಿನವಗ ನಾ ತಿರುಗೂದು ಗೊತ್ತ ಆಗಲಿಲ್ಲ. ಸ್ವಲ್ಪದಾಗ ಉಳದೆ. ಅವತ್ತಿನ ಎದಿ ಬಡತ ಇನ್ನೂ ನೆನಪೈತಿ.

ಕಾಕಾ: ಸರ್ಕಲ್ಲಿನಾಗ?

ಮಗಳು: ಇಲ್ಲೆ ನಾವು ಸರ್ಕಲ್ಲನ್ನ ಗಡಿಯಾರದ ಮುಳ್ಳಿನಂಗ ಸುತ್ತತೀವಿ. ಅಲ್ಲೆ ಅದರ ಎದುರು ಸುತ್ತು. ನಿಮ್ಮ ಎಡಗಡಿಂದ ಬರೂವಾವಗ, ಅಂದ್ರ ಆಗಲೇ ಸರ್ಕಲ್ಲಿನೊಳಗ ಇದ್ದವಗ ಮೊದಲು ದಾರಿ ಕೊಡಬೇಕು. ಯಾರು ಮೂಗು ತೂರಿಸತಾರೋ ಅವರದು ದಾರಿ ಅನ್ನೂ ಲೆಕ್ಕ ಅಲ್ಲೆ ನಡಿಯೂದಿಲ್ಲ.

ಕಾಕಾ: ಎಡ ಬಲ ಅಂಬೂದು ದೇವರು ಮಾಡಿದ್ದಲ್ಲ ಅಂದಂಗಾತು. ಮಂದಿ ಕೂಡಿ ಒಪ್ಪಿಕೊಂಡಿದ್ದು.

ಮಗಳು: ಖರೇ ಅಂದ್ರ ಅಷ್ಟ ಕಾಕಾ. ಸ್ವೀಡನ್ ಅಂತ ಒಂದು ದೇಶ. ಅಲ್ಲೆ ಮೊದಲು ನಮ್ಮಂಗ ಎಡಕ್ಕ ಹೊಡೀತಿದ್ರು. ಸುತ್ತಲಿನ ದೇಶದವರು ಬಲಕ್ಕ. 1967ರ ಸಪ್ಟೆಂಬರ್ 3ರ ನಸುಕಿನ್ಯಾಗ ಇಡೀ ದೇಶದ ಗಾಡಿ ನಿಲ್ಲಿಸಿ, ಎಡದಿಂದ ಬಲಕ್ಕ ಸರಿದು, ಮತ್ತ ಹೊಂಟ್ರು. ಸಮೋವಾ ಅನ್ನೂ ಸಣ್ಣ ದ್ವೀಪ ದೇಶದವರು 2009ರಾಗ ಬಲದಿಂದ ಎಡಕ್ಕ ಬಂದ್ರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಹಳೇ ಕಾರು ತರಸಾಕ ಸೋವಿ ಆಗತೈತಿ ಅಂತ.

ಕಾಕಾ: ಇಡೀ ದೇಶ ಒಂದ ರಾತ್ರ್ಯಾಗ! ಎಲ್ಲಾರೂ ಒಂದ ಮಾತು ನಂಬಿದ್ರು ಅನ್ನು. ಒಬ್ಬಾವ ನಾ ಒಲ್ಲೆ ಅಂದಿದ್ರೂ ಹೆಣ ಬೀಳತಿತ್ತು. ದಾರಿ ಅಂದ್ರ ಡಾಂಬರ್ ಅಲ್ಲ ಯವ್ವಾ, ಎದುರಿಗೆ ಬರೂವಾವ ತನ್ನ ಕಡೆ ಹಿಡದು ಬರತಾನ ಅನ್ನೂ ನಂಬಿಗಿ. ರಾತ್ರಿ ಪಾಳಿ ಹೊಡೂವಾಗ ಎದುರಿನ ಲಾರಿ ಡ್ರೈವರನ ಮಾರಿ ಕಾಣತಿರಲಿಲ್ಲ. ಎರಡು ಲೈಟು ಅಷ್ಟ. ಅವನ ಮ್ಯಾಲ ಭಾರ ಹಾಕೇ ನಾ ಐವತ್ತು ಮಂದೀನ ದಾಟಿಸತಿದ್ದೆ.

ಹಾನಗಲ್ಲು

ಕಾಕಾ: ಬಂಕಾಪುರ ದಾಟಿ ಈ ಕಡೆ ಬಂದಂಗ ನೋಡು, ಗಾಳಿನ ಬ್ಯಾರೆ. ಭತ್ತದ ಗದ್ದಿ, ಮಾವಿನ ತೋಟ, ಮಲೆನಾಡಿನ ಸೆರಗು. ಇಲ್ಲೆ ಸ್ವಲ್ಪ ಸಾವಕಾಶ ಹೊಡಿ, ಪ್ಯಾಟಿ ದಾರಿ ಇಕ್ಕಟ್ಟೈತಿ.

ಮಗಳು: ಅಲ್ಲೆ ದುಬೈನಾಗ ದಾರಿ ಒಂದೊಂದು ಕಡೆ ಆರು ಏಳು ಸಾಲು ಇರತಾವ. ಶೇಖ್ ಜಾಯೆದ್ ರಸ್ತೆ ಅಂತ ಐತಿ. ಅದರಾಗ ನೀವು ಇಳೀಬೇಕಾದ ಕಡೆ ಒಂದು ತಪ್ಪಿತಂದ್ರ ಮತ್ತ ಎಷ್ಟೋ ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ತಪ್ಪಿತು ಅಂತ ನಡಕ ಬ್ರೇಕ್ ಹಾಕೂದು, ಹಿಂದಕ ತಗೊಳ್ಳೂದು ಜೀವಕ್ಕ ಕುತ್ತು. ತಪ್ಪಿದ್ರ ತಪ್ಪಲಿ, ಮುಂದ ಹೋಗಿ ತಿರುಗ್ರಿ.

ಕಾಕಾ: ಟೋಲ್?

ಮಗಳು: ಗೇಟಿಲ್ಲ, ಕಟ್ಟೀನೂ ಇಲ್ಲ. ಸಾಲಿಕ್ ಅಂತಾರ, 2007ರಿಂದ ಐತಿ. ಗಾಜಿಗೆ ನಮ್ಮ ಫಾಸ್ಟ್ಯಾಗಿನಂಥಾ ಚೀಟಿ ಅಂಟಿಸಿರತಾರ. ಕಮಾನಿನ ಕೆಳಗ ಗಾಡಿ ಹೋದ್ರ ತಾನಾಗೇ ಕಟ್ ಆಗತೈತಿ. 4 ದಿರ್ಹಂ ಇತ್ತು. 2025ರಿಂದ ಮಂದಿ ಕೆಲಸಕ್ಕ ಹೋಗಿ ಬರೂ ಹೊತ್ತಿನಾಗ 6 ಮಾಡ್ಯಾರ. ಗೊತ್ತಿಲ್ಲದವರು ದಿನಾ ನಾಕಾರು ಸಲ ಅದರ ಕೆಳಗ ತಿರುಗಿ, ಕಡೀಗೆ ಬಿಲ್ಲು ನೋಡಿ ಗಾಬರಿ ಆಗತಾರ. ದಂಡಾನೂ ಹಂಗ. ಕ್ಯಾಮೆರಾ ಹೊಡದದ್ದು ಕಂಪನಿಗೆ ಹೋಗತೈತಿ, ಕಂಪನಿಯವರು ನಿಮ್ಮ ಠೇವಣಿಯೊಳಗ ಮುರಕೋತಾರ. ಗಾಡಿ ಒಪ್ಪಿಸಿದ ಮ್ಯಾಲೂ ಎರಡು ಮೂರು ವಾರ ಆ ಠೇವಣಿ ಬಿಡೂದಿಲ್ಲ.

ಕಾಕಾ: ವೇಗಕ್ಕ?

ಮಗಳು: ದುಬೈನಾಗ ಫಲಕದಾಗ 100 ಅಂತ ಇದ್ರ 120 ದಾಟಿದ ಮ್ಯಾಲ ಕ್ಯಾಮೆರಾ ಹೊಡೀತೈತಿ. ಅಬುಧಾಬಿ ಗಡಿ ದಾಟಿದ್ರ ಆ ಬಿಡುವಿಲ್ಲ. 2018ರಿಂದ ಅಲ್ಲೆ ಫಲಕದಾಗ ಬರೆದದ್ದ ಕಡೀ ಮಾತು. ಒಂದ ದೇಶ, ಒಂದ ದಾರಿ, ಗಡಿ ದಾಟಿದ ಕೂಡಲೇ ಲೆಕ್ಕ ಬ್ಯಾರೆ. ಬಿಡುವು ನೆನಪಿಡಬ್ಯಾಡ್ರಿ ಕಾಕಾ, ಫಲಕ ನೆನಪಿಡ್ರಿ. ಸಾಲಿ ಬಸ್ಸು ನಿಂತು ‘ಸ್ಟಾಪ್’ ಹಲಗಿ ತೆರೀತಂದ್ರ ಐದು ಮೀಟರ್ ದೂರದಾಗ ನಿಲ್ಲಬೇಕು. ನಿಲ್ಲದಿದ್ರ 1,000 ದಿರ್ಹಂ ದಂಡ, ಲೈಸೆನ್ಸಿಗೆ 10 ಕರಿ ಚುಕ್ಕಿ. ಜೀಬ್ರಾ ಪಟ್ಟಿ ಮ್ಯಾಲ ಯಾರರ ಕಾಲಿಟ್ರ ನಿಲ್ಲಬೇಕು. ಇಲ್ಲಂದ್ರ 500 ದಿರ್ಹಂ, 6 ಚುಕ್ಕಿ.

ಕಾಕಾ: ನಿಲ್ಲು, ನಿಲ್ಲು! ಮುಂದ ನೋಡು.

ಮಗಳು: ನೋಡಿದೆ ಕಾಕಾ. ಹಾರ್ನ್ ಹಾಕಿದ್ನಲ್ಲ, ಸರೀತಾಳ.

ಕಾಕಾ: ಆಕಿ ತಲಿ ಮ್ಯಾಲ ಮೇವಿನ ಹೊರಿ ಐತಿ. ನಿನ್ನ ಹಾರ್ನ್ ಯಾವ ಕಡಿಂದ ಬಂತು ಅಂತ ಆಕಿಗೆ ತಿಳಿಯೂದಿಲ್ಲ. ಗಾಬರಿ ಆಗಿ ನಿನ್ನ ಕಡೇನ ಬಂದ್ರ? ಎಂಜಿನ್ ಬಂದ್ ಮಾಡು ಬೇಕಾದ್ರ. ಹೋಗಲಿ ಆಕಿ.

ಮಗಳು: ನಾ ತಪ್ಪು ಮಾಡಿದೆ. ಅಲ್ಲೇ ಆಗಿದ್ರ ನಾ ಇಷ್ಟೊತ್ತಿಗೆ ನಿಂತಿರತಿದ್ದೆ.

ಕಾಕಾ: ಅದನ ನಾ ಹೇಳಾಕತ್ತೀನಿ. ಅಲ್ಲೆ ಪಟ್ಟಿ ಐತಿ, ಕ್ಯಾಮೆರಾ ಐತಿ, 500 ದಿರ್ಹಂ ಐತಿ. ನೀ ನಿಂತಿ. ಇಲ್ಲೆ ಪಟ್ಟಿ ಅಳಿಸಿ ಹೋಗೇತಿ, ಕೇಳೋರು ಇಲ್ಲ, ನೀ ಹಾರ್ನ್ ಹಾಕಿದಿ. ಆಕಿ ಮಾತ್ರ ಎರಡೂ ಕಡೆ ಆಕೀನ ಯವ್ವಾ. ಆಕಿ ಎಲುಬು ಎರಡೂ ಕಡೆ ಒಂದ ನಮೂನಿ ಮುರೀತಾವ.

ಮಗಳು: ಹಂಗಾದ್ರ ಅಲ್ಲೆ ನಾ ಕಲತದ್ದು ದಂಡಕ್ಕ ಅಂಜೂದು ಅಷ್ಟ ಏನು?

ಕಾಕಾ: ಸುರುವಿನ್ಯಾಗ ಅಂಜಿಕಿಂದ ಕಲೀಲಿ, ತಪ್ಪಲ್ಲ. ಹೊಸದಾಗಿ ಸೇರಿದಾಗ ನಾನೂ ಮೆಮೋ ಸಿಗತೈತಿ ಅಂತ ಅಂಜಿನ ಸಾವಕಾಶ ಹೊಡೀತಿದ್ದೆ. ನಾಕಾರು ವರ್ಷಕ್ಕ ಅದು ಕೈಯಾಗ ಇಳೀತು, ಮೆಮೋ ಮರತು ಹೋತು. ಆ ದಂಡದಿಂದ ಕಲತ ರೂಢಿ ನಿನ್ನ ಸಂಗಡ ಹಾನಗಲ್ಲಿಗೆ ಬಂದ್ರ ಅದು ನಿಂದಾತು. ಅಲ್ಲೇ ಬಿಟ್ಟು ಬಂದ್ರ, ಅದು ಅವರದು.

ಮಗಳು: ಗಾಡಿ ಈ ನೆರಳಿಗೆ ನಿಲ್ಲಿಸತೀನಿ. ತಾರಕೇಶ್ವರನ ದರ್ಶನ ಮಾಡಿಕೊಂಡು ಹೋಗೂಣ.

ಕಾಕಾ: ಇಷ್ಟು ಗ್ವಾಡಿಗೆ ಹತ್ತಿಸಿ ನಿಲ್ಲಿಸು, ಚಕ್ಕಡಿ ದಾಟಲಿ. ಎಷ್ಟು ಸಲ ಈ ಊರಿಗೆ ಬಸ್ಸು ತಂದೀನಿ, ಹತ್ತು ಮಿನಿಟು ನಿಂತು ಚಾ ಕುಡದು ತಿರುಗಿಸಿಕೊಂಡು ಹೋಗೂದು. ಒಳಗ ಬಂದು ಗುಡಿ ಚತ್ತಿನ ಈ ಕಲ್ಲಿನ ಕಮಲ ತಲಿ ಎತ್ತಿ ನೋಡಿದ್ದು ನಿವೃತ್ತಿ ಆದ ಮ್ಯಾಲ. ಚಾಲುಕ್ಯರ ಕಾಲದ್ದು. ಎಂಟುನೂರು ಒಂಬೈನೂರು ವರ್ಷದಿಂದ ಇಷ್ಟು ಭಾರದ ಚತ್ತು ಒಂದಕ್ಕೊಂದು ಆತು ನಿಂತೈತಿ. ಒಂದು ಕಲ್ಲು ‘ನನ್ನ ಜಾಗಾ ನಾ ಬಿಡತೀನಿ’ ಅಂದಿದ್ರ ಇದು ಉಳೀತಿರಲಿಲ್ಲ.

ಮಗಳು: ಗಾಡಿ ಇದ್ದವಗ ಎಲ್ಲೆ ಬೇಕಾದಲ್ಲೆ ನಿಲ್ಲಾಕ ಬರತೈತಿ, ಅದ ದೊಡ್ಡ ಲಾಭ. ಟೂರಿನ ಬಸ್ಸಿನವರು ತೋರಿಸಿದ್ದನ್ನಷ್ಟ ನೋಡಬೇಕಾಗೂದಿಲ್ಲ.

ಕಾಕಾ: ನಿಲ್ಲಾಕ ಬರತೈತಿ ಅಂತ ಎಲ್ಲಾರಿಗೂ ನಿಲ್ಲಾಕ ತಿಳಿಯೂದಿಲ್ಲ.

ಹಿರೇಕೆರೂರು

ಮಗಳು: ತಿಳವಳ್ಳಿ ದಾಟಿದ್ವಿ. ಕಾಕಾ, ಇದೇನು, ಅರ್ಧ ರಸ್ತೆ ಗೋವಿನಜೋಳ ಹರವ್ಯಾರ! ಅಂಚಿಗೆ ಕಲ್ಲು ಬ್ಯಾರೆ ಇಟ್ಟಾರ.

ಕಾಕಾ: ಸುಗ್ಗಿ ಅಲ್ಲೇನು. ಜೋಳದಾಗ ಹಸಿ ಉಳದ್ರ ಪ್ಯಾಟ್ಯಾಗ ದರ ಮುರೀತಾರ, ಬೂಸ್ಟು ಹಿಡೀತೈತಿ. ಎಲ್ಲಾರ ಹೊಲದಾಗೂ ಕಾಂಕ್ರೀಟ್ ಕಣ ಇರೂದಿಲ್ಲ. ಬಿಸಲಿಗೆ ಕಾದ ಡಾಂಬರ್ ಮ್ಯಾಲ ಒಂದೆರಡು ದಿನದಾಗ ಒಣಗತಾವ. ತಪ್ಪು ಖರೇ. ರಾತ್ರಿ ಬೈಕಿನವರು ಈ ಕಾಳಿನ ಮ್ಯಾಲ ಜಾರಿ ಸತ್ತದ್ದು ನಾ ಕಣ್ಣಾರೆ ಕಂಡೀನಿ. ನಿಲ್ಲಿಸು, ನಾ ಮಾತಾಡಿ ಬರತೀನಿ.

ಮಗಳು: ಏನಂದ್ರು?

ಕಾಕಾ: ‘ತಂಗೀ, ಎದುರಿಗೆ ಗಾಡಿ ಬಂತಂದ್ರ ನಮಗ ಸರಿಯಾಕ ಜಾಗಾ ಇಲ್ಲ, ಸ್ವಲ್ಪ ಈ ಕಡೆ ಎಳಕೋರಿ, ಹೊತ್ತು ಮುಳಗೂದರಾಗ ಕಲ್ಲು ತಗದುಬಿಡ್ರಿ’ ಅಂದೆ. ‘ಆತ್ರಿ ಅಣ್ಣಾರ’ ಅಂತ ಬಾರಿಗಿ ತಗೊಂಡು ಸರಸಾಕತ್ಯಾಳ. ಸಾವಕಾಶ ಹೋಗು, ಕಾಳು ತುಳಿಯಬ್ಯಾಡ. ಅವರ ಆರು ತಿಂಗಳ ದುಡಿಮಿ ಅದು.

ಮಗಳು: ಇಂಥಾದು ಯಾವ ನಕಾಶೆದಾಗೂ ಇರೂದಿಲ್ಲ ನೋಡ್ರಿ. ಮೊಬೈಲ್ ಮ್ಯಾಪು ಚಿಕ್ಕೇರೂರಿಗೆ ಎಷ್ಟು ದೂರ ಅಂತ ಹೇಳತೈತಿ. ಈ ತಿಂಗಳದಾಗ ದಾರಿ ಮ್ಯಾಲ ಜೋಳ ಇರತೈತಿ, ದೀಪಾವಳಿ ಆದ ಮ್ಯಾಲ ಹೋರಿ ಹಬ್ಬಕ್ಕ ಊರ ಮುಂದಿನ ದಾರಿ ತುಂಬ ಮಂದಿ ಇರತಾರ, ಕಬ್ಬಿನ ಟ್ರ್ಯಾಕ್ಟರಿನ ಎರಡನೇ ಟ್ರೇಲರಿಗೆ ಹಿಂದ ಲೈಟು ಇರೂದಿಲ್ಲ ಅಂತ ಅದು ಹೇಳೂದಿಲ್ಲ.

ಕಾಕಾ: ಇಲ್ಲೆ ನಿನಗ ನಾ ಹೇಳಿದೆ. ಅಲ್ಲೆ ನನಗ ಯಾರರ ಹೇಳಬೇಕು. ಹೊಸ ರೂಟಿಗೆ ಹಾಕಿದ್ರಂದ್ರ ನಾ ಒಂದು ರೂಢಿ ಇಟ್ಟುಕೊಂಡಿದ್ದೆ. ರಜಾ ದಿನ ಆ ಬಸ್ಸಿನಾಗ ಹಳೇ ಡ್ರೈವರನ ಹತ್ತರ ಕೂತು ಒಂದು ಸಲ ಹೋಗಿ ಬರತಿದ್ದೆ. ಯಾವ ತಿರುವಿನಾಗ ದನ ದಾಟತಾವ, ಎಲ್ಲೆ ಸಾಲಿ ಬಿಡೂ ಹೊತ್ತು, ಯಾವ ಸೇತುವಿ ಮಳ್ಯಾಗ ಮುಳಗತೈತಿ, ಎಲ್ಲಾ ಅವ ಹೇಳತಿದ್ದ. ಆ ಮಾತು ಯಾವ ಫಲಕದಾಗೂ ಬರದಿರಲಿಲ್ಲ.

ಮಗಳು: ಹಂಗಾದ್ರ ದುಬೈನಾಗೂ ಹಂಗ ಮಾಡ್ರಿ. ಮೊದಲ ಎರಡು ದಿನ ನನ್ನ ಪಕ್ಕದಾಗ ಕೂಡ್ರಿ. ಮೂರನೇ ದಿನ, ರವಿವಾರ ಮುಂಜಾನೆ, ದಾರಿ ಖಾಲಿ ಇದ್ದಾಗ ನೀವು ಹೊಡೀರಿ, ನಾ ಪಕ್ಕದಾಗ ಕೂಡತೀನಿ. ಕೈ ಹೊಂದಿದ ಮ್ಯಾಲ ಕಾಕೀನ ಕರಕೊಂಡು ಹೋಗ್ರಿ.

ಕಾಕಾ: ಹೂಂ. ಹಂಗ ಮಾಡೂಣ. ನಿಮ್ಮ ಕಾಕೀನ ಕೂಡಿಸಿಕೊಂಡು ಕಲಿಯೂದಲ್ಲ, ಕಲತು ಕೂಡಿಸಿಕೊಳ್ಳೂದು... ನಿಲ್ಲು. ಸ್ವಲ್ಪ ಎಡಕ್ಕ ತಗೊಂಡು ನಿಲ್ಲಿಸು. ಪಾರ್ಕಿಂಗ್ ಲೈಟು ಹಾಕು.

ಮಗಳು: ಏನಾತು? ಯಾರೂ ಇಲ್ಲಲ್ಲ.

ಕಾಕಾ: ಆ ಕಲ್ಲು ನೋಡು. ನಾಕು ದೊಡ್ಡ ಕಲ್ಲು, ಒಂದು ಗಿಡದ ಟೊಂಗಿ. ಯಾವುದೋ ಲಾರಿ ಕೆಟ್ಟು ನಿಂತಿತ್ತು. ಹಿಂದಿನವರಿಗೆ ಗೊತ್ತಾಗಲಿ ಅಂತ ಕಲ್ಲು ಇಟ್ಟಾರ. ಗಾಡಿ ರಿಪೇರಿ ಆತು, ಹೋದ್ರು. ಕಲ್ಲು ಹಂಗ ಬಿಟ್ಟಾರ. ಕತ್ತಲಾದ್ರ ಈ ಕಲ್ಲು ಕಾಣೂದಿಲ್ಲ. ನನ್ನ ಜೋಡಿ ಸೇರಿದ್ದ ಒಬ್ಬ ಡ್ರೈವರನ ಮಗ ಬೈಕ್ ಮ್ಯಾಲ ಬಂದು ಇಂಥಾ ಕಲ್ಲಿಗೇ ಬಡದು ಹೋದ. ಲಾರಿಗೆ ಅಲ್ಲ, ಲಾರಿ ಬಿಟ್ಟು ಹೋದ ಕಲ್ಲಿಗೆ.

ಮಗಳು: ನೀವು ಕೂಡ್ರಿ ಕಾಕಾ, ನಾ ಸರಸತೀನಿ.

ಕಾಕಾ: ಒಬ್ಬಾಕಿಗೆ ಆಗೂದಿಲ್ಲ, ಆ ಕಡೆ ಹಿಡಿ. ಗಟಾರದಾಗ ಒಗೀಬ್ಯಾಡ, ನೀರು ಕಟ್ಟತೈತಿ. ಆ ಬೇವಿನ ಬುಡಕ್ಕ ಇಡೂಣ. ಟೊಂಗಿನೂ ಎಳಕೋ.

ಮಗಳು: ಆತು. ಕೈ ತೊಳಕೋರಿ, ನೀರು ಹಾಕತೀನಿ.

ಕಾಕಾ: ಮುಂಜಾನೆ ನೀ ಅಂದಿ, ಗಾಡಿ ಹೆಂಗ ಇತ್ತೋ ಹಂಗ ಒಪ್ಪಿಸತೀನಿ ಅಂತ ಸಹಿ ಮಾಡೀನಿ ಅಂತ. ಅದಕ್ಕ ಕಾಗದ ಐತಿ, ಠೇವಣಿ ಐತಿ, ವಿಡಿಯೋ ಐತಿ. ದಾರಿಗೆ ಏನೂ ಇಲ್ಲ. ಹಂಗಂತ ಅದು ನಮ್ಮದಲ್ಲ. ಆಚಿ ಮನಿಯಿಂದ ಕಡ ತಂದ ಸೇರು ಇದ್ದಂಗ. ಅದನ್ನ ತೊಳದು, ಒರಸಿ ಕೊಡತೀವಲ್ಲ, ಯಾವ ಕಾಗದದ ಮ್ಯಾಲ ಸಹಿ ಮಾಡಿರತೀವಿ?

ಮಗಳು: ಆ ಲಾರಿಯವಾ ಅದನ್ನ ಒಪ್ಪಿಸಲಿಲ್ಲ.

ಕಾಕಾ: ಅವ ಒಪ್ಪಿಸಲಿಲ್ಲ ಅಂತ ನಾವು ಒಪ್ಪಿಸೂದು ಬಿಡಾಕ ಬರತೈತೇನು? ಪರದೇಶದಾಗ ನಾನು ಅದನ್ನ ನೆನಪಿಟ್ಟುಕೊಂಡ್ರ ಸಾಕು. ಎಡ ಆಗಲಿ ಬಲ ಆಗಲಿ, ನಾ ದಾಟಿ ಹೋದ ಮ್ಯಾಲ ಹಿಂದ ಬರೂವಾವಗ ತ್ರಾಸ ಆಗಬಾರದು.

ಮಗಳು: ಹಿರೇಕೆರೂರಿನಾಗ ಎರಡು ಮನಿ ಮುಗಿಸಿಕೊಂಡು ಹೊತ್ತು ಮುಳಗೂದರಾಗ ತಿರುಗೂಣ. ಮಾಸೂರಿನ ಮದಗದ ಕೆರಿ, ಅಬಲೂರು ಇನ್ನೊಂದು ಸಲ.

ಕಾಕಾ: ಅಬಲೂರು ಸರ್ವಜ್ಞನ ಊರು ಅಂತಾರ. ಊರೂರು ತಿರುಗಿ, ಕಂಡವರ ಕಡೆ ಕೇಳಿ ಕಲತವ. ದುಬೈನಿಂದ ಬಂದ ಮ್ಯಾಲ ನಿಮ್ಮ ಕಾಕೀನ ಕರಕೊಂಡು ಅಲ್ಲಿಗೆ ಹೋಗತೀನಿ. ಹುಬ್ಬಳ್ಳ್ಯಾಗ ಇಂಥಾದ ಒಂದು ಕರಿ ಪ್ಲೇಟಿನ ಗಾಡಿ ಹಿಡದು.

ಮಗಳು: ಆಗ ನೀವ ಹೊಡೀರಿ. ಈಗ ಹೋಗೂಣೇನು?

ಕಾಕಾ: ತಡಿ. ಕನ್ನಡ್ಯಾಗ ನೋಡು, ಹಿಂದ ಟ್ರ್ಯಾಕ್ಟರ್ ಬರಾಕತ್ತೇತಿ. ಅದು ದಾಟಲಿ. ಹೂಂ, ಈಗ ಹೊಡಿ.